ಎರಡು ಹಿನ್ನೀರಿನ ನಡುವೆ, ಮೂರು ಕುದುರೆಗಳ ಜೊತೆ

ಕುದುರೆ ಕಟ್ಟಿಕೊಂಡು ಕ್ಯಾಂಪಿಂಗಿಗೆ ಹೋದರೆ ಕುದುರೆ ನಮ್ಮನ್ನು ಹೊತ್ತು ತಿರುಗಿಸುತ್ತದೆ ಅಂತ ತಿಳಿದಿದ್ದೆ. ನಾಲ್ಕು ದಿನದಲ್ಲಿ ನಾನು ಅದರ ಬೆನ್ನ ಮೇಲೆ ಕೂತಿದ್ದು ಎಲ್ಲ ಸೇರಿ ಏಳೋ ಎಂಟೋ ಗಂಟೆ. ಉಳಿದ ಹೊತ್ತೆಲ್ಲ ನೀರು ಹೊತ್ತೆ, ಹುಲ್ಲು ಬಿಡಿಸಿ ಹಾಕಿದೆ, ಲದ್ದಿ ಬಾಚಿದೆ. ಹೊಸನಗರದ ಕಡೆಯ ಹಳ್ಳಿಮನೆಯಲ್ಲಿ ಕೊಟ್ಟಿಗೆ ಕೆಲಸ ತಪ್ಪಿಸಿಕೊಳ್ಳಲೆಂದೇ ಹಟಹಿಡಿದು ಹಾಸ್ಟೆಲ್ ಸೇರಿದವಳು ನಾನು. ಮೂವತ್ತು ವರ್ಷ ಕಳೆದು, ದುಡ್ಡು ಕೊಟ್ಟು, ರಜೆ ಹಾಕಿ, ಕೆಂಟಕಿಯ ಕಾಡಿನೊಳಗೆ ಅದೇ ಕೆಲಸಕ್ಕೆ ಹೋಗಿ ಬಂದೆ.

ನಾವಿರುವುದು ಟೆನೆಸ್ಸಿಯ ನ್ಯಾಶ್‌ವಿಲ್ ಹತ್ತಿರ. ಮಗಳು ಐದು ವರ್ಷದಿಂದ ಊರಾಚೆಯ ಒಂದು ಲಾಯದಲ್ಲಿ ಸವಾರಿ ಕಲಿಯುತ್ತಿದ್ದಾಳೆ. ಕಲಿಸುವ ಹೆಂಗಸಿಗೆ ಎಪ್ಪತ್ತರ ಆಸುಪಾಸು. ನಮ್ಮ ಮನೆಯಲ್ಲಿ ಅವರ ಹೆಸರು ಟೀಚರಮ್ಮ. ಪ್ರತಿ ಅಕ್ಟೋಬರ್‌ನಲ್ಲಿ ಅವರು ಲ್ಯಾಂಡ್ ಬಿಟ್ವೀನ್ ದ ಲೇಕ್ಸ್ ಅನ್ನುವ ಜಾಗಕ್ಕೆ ಕುದುರೆ ಹೊಡೆದುಕೊಂಡು ಹೋಗುತ್ತಾರೆ. ಈ ಸಲ ಜೊತೆಗೆ ಬರುತ್ತಿದ್ದವರಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಒಂದು ಕುದುರೆ ಖಾಲಿ ಇತ್ತು. ಶಾಲೆಗೆ ರಜೆ. ಮಗಳು ಕೇಳಿದಳು, ನಾನು ಹೂಂ ಅಂದೆ. ಪಿರಿಯಾಪಟ್ಟಣದ ನನ್ನ ಗಂಡ ಮಾತ್ರ ಮೊದಲೇ ಖಡಾಖಂಡಿತವಾಗಿ ಹೇಳಿಬಿಟ್ಟರು: "ನಾನು ಅಡುಗೆ ಮಾಡ್ತೀನಿ, ಮೀನು ಹಿಡೀತೀನಿ. ಕುದುರೆ ಹತ್ತು ಅಂತ ಮಾತ್ರ ಹೇಳಬೇಡಿ."

ಗುರುವಾರ

ಟೀಚರಮ್ಮನ ಪಿಕಪ್ಪು ಟ್ರೇಲರ್ ಎಳೆದುಕೊಂಡು ಮುಂದೆ, ನಮ್ಮ ಕಾರು ಹಿಂದೆ. ಎರಡು ಗಂಟೆಯ ದಾರಿ. ಕುದುರೆ ಟ್ರೇಲರ್ ಹಿಂದೆ ಹೋಗುವವರಿಗೆ ತಾಳ್ಮೆ ಬೇಕು. ಒಳಗೆ ನಿಂತ ಪ್ರಾಣಿ ಪ್ರತಿ ತಿರುವಿಗೂ ಕಾಲೂರಿ ಮೈ ಸಂಭಾಳಿಸಿಕೊಳ್ಳಬೇಕು, ಅದಕ್ಕೇ ಅವರು ಬ್ರೇಕನ್ನು ಮಗುವಿನ ತಲೆ ಸವರಿದ ಹಾಗೆ ಒತ್ತುತ್ತಾರೆ. ಸ್ವಲ್ಪ ಹೊತ್ತಿಗೆ ನನ್ನ ಗಂಡನಿಗೆ ಬೇಸರ ಬಂತು. "ದಾರಿ ಗೊತ್ತಲ್ಲ, ಅವರು ನಿಧಾನಕ್ಕೆ ಬರಲಿ" ಅಂತ ಪಕ್ಕಕ್ಕೆ ತೆಗೆದು ಮುಂದೆ ಹೋದರು. ಅಲ್ಲಿಂದಲೇ ತಪ್ಪು ಶುರು.

ಹೆದ್ದಾರಿ ಬಿಟ್ಟು ಕೇಡೀಜ್ ಎಂಬ ಸಣ್ಣ ಊರಿನ ಕಡೆ ತಿರುಗಿದೆವು. ಬರೆಯುವುದು ಸ್ಪೇನಿನ ಊರಿನ ಹೆಸರಿನಂತೆಯೇ, ಹೇಳುವುದು ಮಾತ್ರ ಕೇಡೀಜ್. ಹೊಲದ ನಡುವೆ ಒಂದು ಎತ್ತರದ ಕಪ್ಪು ಮರದ ಕಟ್ಟಡ. ಅದರ ಸೂರು, ಹಲಗೆ ಸಂದು, ಬಾಗಿಲು ಎಲ್ಲ ಕಡೆಯಿಂದ ದಟ್ಟ ಹೊಗೆ. ಗಂಡ ಕಾರು ನಿಲ್ಲಿಸಿಯೇಬಿಟ್ಟರು. "ಲೇ, ಬ್ಯಾರನ್ನಿಗೆ ಬೆಂಕಿ ಬಿದ್ದಿದೆ ಕಣೇ!"

ಹೊಗೆಸೊಪ್ಪಿನ ಸೀಮೆಯಲ್ಲಿ ಹುಟ್ಟಿದವರು ಅವರು. ಸೊಪ್ಪು ಹದಮಾಡುವ ಬ್ಯಾರನ್ನಿಗೆ ಬೆಂಕಿ ಬಿತ್ತೆಂದರೆ ಒಂದು ಮನೆಯ ಇಡೀ ವರ್ಷ ಹೋಯಿತು ಅಂತ ಅವರಿಗೆ ಗೊತ್ತು. ಇಳಿದು ಓಡಿದರು. ಕಟ್ಟಡದ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ ಒಬ್ಬ ಹುಡುಗ ನಿಧಾನಕ್ಕೆ ಕೈಯೆತ್ತಿ, ಏನೂ ಆಗಿಲ್ಲ ಅನ್ನುವಂತೆ ಬೀಸಿದ. ಅವನಿಗೆ ಇದು ಅಭ್ಯಾಸವಂತೆ. ಪ್ರತಿ ವರ್ಷ ಯಾರಾದರೂ ದಾರಿಹೋಕರು ಅಗ್ನಿಶಾಮಕಕ್ಕೆ ಫೋನು ಮಾಡುತ್ತಾರೆ. ಪಿರಿಯಾಪಟ್ಟಣದಲ್ಲಿ ಕೊಳವೆಯೊಳಗೆ ಬಿಸಿಗಾಳಿ ಹಾಯಿಸಿ ಎಲೆ ಬೇಯಿಸುತ್ತಾರೆ, ಹೊಗೆ ಎಲೆಗೆ ತಾಗಬಾರದು. ಇಲ್ಲಿ ಉಲ್ಟಾ. ನೆಲದ ಮೇಲೆಯೇ ಗಟ್ಟಿಮರದ ತುಂಡು ಜೋಡಿಸಿ, ಮೇಲೆ ಮರದ ಹೊಟ್ಟು ಮುಚ್ಚಿ, ಉರಿಯೇಳದಂತೆ ವಾರಗಟ್ಟಲೆ ಹೊಗೆಯಾಡಿಸುತ್ತಾರೆ. ಬಾಯಿಗೆ ಹಾಕುವ ತಂಬಾಕು, ನಶ್ಯದ ತಂಬಾಕು ಆಗುವುದು ಈ ಸೊಪ್ಪಿನಿಂದಲೇ. ನನ್ನ ಗಂಡ, ಆ ಹುಡುಗ ಇಬ್ಬರೂ ಎಲೆ ಮುಟ್ಟಿ, ಮೂಸಿ, ಬೆಲೆ ಮಾತಾಡಿದರು. ಬೆಲೆಯ ಬಗ್ಗೆ ಎರಡೂ ದೇಶದ ಬೈಗುಳ ಒಂದೇ ಧಾಟಿಯಲ್ಲಿತ್ತು.

ಮುಂದೆ ಒಂದು ಮೈಲಿ ಹೋದರೆ ರಸ್ತೆ ಬದಿಯ ಮೇಜಿನ ಮೇಲೆ ಗಾಜಿನ ಬಾಟಲಿಗಳು. ಸಿಹಿ ಜೋಳದ ದಂಟಿನ ರಸ ಕುದಿಸಿದ ಕಾಕಂಬಿ, ಇಲ್ಲಿಯವರ ಬಾಯಲ್ಲಿ ಸೋರ್ಗಮ್. ಬೆರಳಲ್ಲಿ ನೆಕ್ಕಿ ನೋಡಿದೆ. ಆಲೆಮನೆಯಿಂದ ತಂದ ಜೋನಿಬೆಲ್ಲಕ್ಕೆ ಒಂಚೂರು ಹಸಿರು ಹುಲ್ಲಿನ ವಾಸನೆ ಸೇರಿಸಿದ ಹಾಗಿತ್ತು. ದೋಸೆಗಾಯಿತು ಅಂತ ಎರಡು ಬಾಟಲಿ ತಗೊಂಡೆ.

ಬಾರ್ಕ್ಲಿ ಸರೋವರದ ಸೇತುವೆ ದಾಟಿ, ಕಾಡಿನ ದಾರಿ ಹಿಡಿದು ರ‍್ಯಾಂಗ್ಲರ್ಸ್ ಕ್ಯಾಂಪ್‌ಗ್ರೌಂಡಿನ ಬಾಗಿಲಿಗೆ ಬಂದರೆ, ಟೀಚರಮ್ಮ ಬದಿಗೆ ಟ್ರೇಲರ್ ನಿಲ್ಲಿಸಿಕೊಂಡು ಕೂತಿದ್ದಾರೆ. ಒಳಗೆ ಮೂರು ಕುದುರೆ ತಗಡಿಗೆ ಕಾಲು ಬಡಿಯುತ್ತಿವೆ. ಕಾಗಿನ್ಸ್ ಪರೀಕ್ಷೆಯ ಕಾಗದ ತೋರಿಸದೆ ಒಳಗೆ ಬಿಡುವುದಿಲ್ಲ. ಕುದುರೆಗಳ ರಕ್ತಕ್ಕೆ ತಗಲುವ, ಮದ್ದಿಲ್ಲದ ಒಂದು ಸಾಂಕ್ರಾಮಿಕ ರೋಗವಿದೆ. ಅದಿಲ್ಲ ಅಂತ ಒಂದು ವರ್ಷದೊಳಗೆ ಮಾಡಿಸಿದ ಪರೀಕ್ಷೆಯ ಕಾಗದ ಪ್ರತಿ ಕುದುರೆಯ ಹೆಸರಲ್ಲೂ ಬೇಕು. ಆ ಫೈಲು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ, ಮಗಳ ಚಿಪ್ಸ್ ಪೊಟ್ಟಣದ ಕೆಳಗೆ ಇತ್ತು. ಮುಕ್ಕಾಲು ಗಂಟೆ ಕಾದಿದ್ದರು. ಏನೂ ಅನ್ನಲಿಲ್ಲ. ನನ್ನ ಕೈಯ ಬಾಟಲಿಗಳನ್ನು ಒಮ್ಮೆ ನೋಡಿದರು, ಅಷ್ಟೇ. ಹೋಗುವವರು ಆ ಕಾಗದದ ಫೋಟೋ ಒಂದನ್ನು ಫೋನಿನಲ್ಲೂ ಇಟ್ಟುಕೊಳ್ಳಿ ಅಂತ ನಾನು ಹೇಳುವುದು ಆ ನೋಟ ನೆನಪಾಗಿ.

ಒಳಗೆ ಸಾಲಾಗಿ ಮರದ ಲಾಯಗಳು, ಮೈ ತೊಳೆಯಲು ಕಟ್ಟೆ, ಲದ್ದಿ ಸುರಿಯಲು ಬೇರೆಯೇ ಜಾಗ. ಮನುಷ್ಯರ ಡೇರೆ ಆಮೇಲೆ, ಮೊದಲು ಕುದುರೆ. ನೆಲಕ್ಕೆ ಪೈನ್ ಮರ ಹೆರೆದ ಸಿಪ್ಪೆ ಹಾಸಬೇಕು. ಕಪ್ಪು ವಾಲ್‌ನಟ್ ಮರದ ಸಿಪ್ಪೆ ಬೆರೆತಿದ್ದರೂ ಸಾಕು, ನಿಂತಲ್ಲೇ ಗೊರಸಿನೊಳಗೆ ಊತ ಬಂದು ಕುದುರೆ ಕುಂಟುತ್ತದೆ ಅಂತ ಟೀಚರಮ್ಮ ಚೀಲದ ಮೇಲಿನ ಬರಹವನ್ನು ಎರಡೆರಡು ಸಲ ಓದಿದರು.

ರಾತ್ರಿ ಎಂಟಕ್ಕೆ ತೊಂದರೆ ಬಂತು. ಮಗಳ ಕುದುರೆ ಪೆಪ್ಪರ್ ನೀರು ಮುಟ್ಟಲಿಲ್ಲ. ಬಕೆಟ್ಟಿಗೆ ಮೂತಿ ಇಡುತ್ತದೆ, ಮೂಸುತ್ತದೆ, ತುಟಿ ಮೇಲೆತ್ತಿ ಹಲ್ಲು ತೋರಿಸಿ ಹಿಂದೆ ಸರಿಯುತ್ತದೆ. ಬೇರೆ ಊರಿನ ನೀರಿನ ವಾಸನೆ ಅದಕ್ಕೆ ಸೇರದು. ಕುದುರೆಗೆ ದಿನಕ್ಕೆ 25-30 ಲೀಟರಾದರೂ ನೀರು ಬೇಕು; ಒಣಹುಲ್ಲು ತಿಂದು ನೀರು ಕುಡಿಯದಿದ್ದರೆ ಕರುಳಲ್ಲಿ ಮೇವು ಕಟ್ಟಿಕೊಳ್ಳುತ್ತದೆ. ವಾಂತಿ ಮಾಡಿ ಹಗುರಾಗುವ ಭಾಗ್ಯವೂ ಆ ಪ್ರಾಣಿಗಿಲ್ಲ. ಹೊಟ್ಟೆಶೂಲೆ ಶುರುವಾದರೆ ಬೆಳಗಾಗುವುದರೊಳಗೆ ಜೀವಕ್ಕೇ ಬರಬಹುದು. ಟೀಚರಮ್ಮ ಅದರ ಪಕ್ಕೆಗೆ ಕಿವಿ ಹಚ್ಚಿದರು, ನನ್ನನ್ನೂ ಹಚ್ಚು ಅಂದರು. ಒಳಗೆ ದೂರದಲ್ಲಿ ಗುಡುಗಿದ ಹಾಗೆ ಗುಡುಗುಡು. ಆ ಸದ್ದು ಇರುವಷ್ಟು ಹೊತ್ತು ಭಯವಿಲ್ಲವಂತೆ. ಹುಲ್ಲನ್ನು ನೆನೆಸಿ ಹಾಕಿದರು, ಉಪ್ಪು ನೆಕ್ಕಿಸಿದರು. ಮನೆಯಿಂದ ತರುತ್ತಿದ್ದ ಆಪಲ್ ಜ್ಯೂಸ್ ಈ ಸಲ ಮರೆತು ಬಂದಿತ್ತು.

ನಮ್ಮಮ್ಮ ಕರು ಹಾಕಿದ ದನ ನೀರು ಕುಡಿಯದಿದ್ದರೆ ಅಕ್ಕಚ್ಚಿಗೆ ಒಂದು ಅಚ್ಚು ಬೆಲ್ಲ ಕದಡುತ್ತಿದ್ದಳು. ಬಾಟಲಿ ತಂದೆ. "ಒಂದೇ ಚಮಚ" ಅಂದರು ಟೀಚರಮ್ಮ. ಬಕೆಟ್ಟಿಗೆ ಸೋರ್ಗಮ್ ಬಿಟ್ಟು ಕೈಯಲ್ಲೇ ಕದಡಿ, ಆ ಅಂಟು ಕೈಯನ್ನು ಅದರ ಮೂತಿಗೆ ಹಿಡಿದೆ. ಮರಳುಕಾಗದದಂಥ ಮೀಸೆ, ಅದರ ನಡುವೆ ರೇಷ್ಮೆಯಂಥ ತುಟಿ. ಅಂಗೈ ನೆಕ್ಕಿತು. ಬೆರಳ ಸಂದು ನೆಕ್ಕಿತು. ಕೈಯನ್ನು ಮೆಲ್ಲಗೆ ಇಳಿಸುತ್ತಾ ನೀರಿನೊಳಗೆ ಮುಳುಗಿಸಿದೆ. ಮೂತಿ ಹಿಂದೆಯೇ ಬಂತು. ಮೊದಲ ಗುಟುಕಿಗೆ ಕಿವಿ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಆಮೇಲೆ ಪ್ರತಿ ಗುಟುಕಿಗೂ ಕಿವಿ ಒಮ್ಮೆ ಆಡಿತು. ಮಗಳು ಎಣಿಸಿದಳು: ನಲವತ್ತೆರಡು. ಬಕೆಟ್ಟಿನ ತಳ ಕಂಡಿತು.

"ಇದನ್ನು ಯಾರು ಹೇಳಿಕೊಟ್ಟರು?" ಅಂತ ಟೀಚರಮ್ಮ ಕೇಳಿದರು. ಅಮ್ಮ ಅಂದೆ. ಬಾಗಿಲಲ್ಲಿ ಕಾಯಿಸಿದ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ಶುಕ್ರವಾರ

ಬೆಳಗ್ಗೆ ಐದೂವರೆಗೆ ಕೆನೆತ. ಒಂದು ಲಾಯದಿಂದ ಎದ್ದದ್ದು ಸಾಲಿನ ಕೊನೆಯವರೆಗೂ ಹೋಗಿ ವಾಪಸು ಬಂತು. ಟೆಂಟಿನ ಹೊರಗೆ ಹಲ್ಲು ಕಟಕಟ ಅನ್ನುವ ಚಳಿ. ಹತ್ತು ಗಂಟೆಗೆ ತೋಳಿಲ್ಲದ ಅಂಗಿ ಸಾಕಾಗುವ ಬಿಸಿಲು. ಇಲ್ಲಿಗೆ ಬರುವವರು ಎರಡು ಕಾಲದ ಬಟ್ಟೆ ಕಟ್ಟಿಕೊಂಡು ಬರಬೇಕು. ಸೌದೆ ಮಾತ್ರ ಮನೆಯಿಂದ ತರಬಾರದು. ಆ್ಯಶ್ ಎಂಬ ಮರ ಕೊರೆಯುವ ಹಸಿರು ದುಂಬಿ ಸೌದೆಯ ಜೊತೆ ಊರೂರು ಸುತ್ತುತ್ತದೆ, ಹಾಗಾಗಿ ಅಲ್ಲಿಯದನ್ನೇ ಕೊಳ್ಳಬೇಕು.

ಗಂಡ ಒಲೆ ಹಚ್ಚಿ ಉಪ್ಪಿಟ್ಟು ಕೆದಕುತ್ತಿದ್ದಾಗ ಟೀಚರಮ್ಮ ಉಣುಗಿನ ಪಾಠ ಶುರುಮಾಡಿದರು. ಬೆನ್ನ ಮೇಲೆ ಒಂದೇ ಬಿಳಿ ಚುಕ್ಕೆಯಿರುವ ಲೋನ್ ಸ್ಟಾರ್ ಉಣುಗು ಈ ಕಾಡಲ್ಲಿ ಧಾರಾಳ. ಅದು ಕಚ್ಚಿದರೆ ಕೆಲವರಿಗೆ ವಾರಗಳ ನಂತರ ದನ, ಹಂದಿ, ಕುರಿ ಮಾಂಸ ಒಗ್ಗದೇ ಹೋಗುತ್ತದೆ. ತಿಂದ ಎರಡು ಮೂರು ಗಂಟೆ ಏನೂ ಇರುವುದಿಲ್ಲ, ನಡುರಾತ್ರಿ ಮೈಯೆಲ್ಲ ದದ್ದು, ಉಸಿರಾಟಕ್ಕೆ ಕಷ್ಟ. ನಮ್ಮ ಮನೆಯಲ್ಲಿ ಭಾನುವಾರದ ಮಟನ್ ಸಾರು ಅಂದರೆ ಪೂಜೆಗೆ ಸಮ. ಗಂಡನ ಕೈಯ ಸೌಟು ನಿಂತೇಹೋಯಿತು.

ನನಗೆ ಉಣುಗು ಹೊಸದಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಕಾಣಿಸಿಕೊಂಡದ್ದು 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರಿನಲ್ಲಿ. ಕಾಡಿಗೆ ದರಗು ಗುಡಿಸಲು ಹೋಗುವ ಮುಂಚೆ ಕೈಕಾಲಿಗೆಲ್ಲ ಆರೋಗ್ಯ ಇಲಾಖೆಯವರು ಕೊಟ್ಟ ಡಿಎಂಪಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆವು, ಬಂದ ಮೇಲೆ ಬಿಸಿನೀರಲ್ಲಿ ಬಟ್ಟೆ ನೆನೆಸುತ್ತಿದ್ದೆವು. ಅದನ್ನೇ ಹೇಳಿದೆ. ಗಂಡ ಪ್ಯಾಂಟಿನ ಕೆಳಗನ್ನು ಕಾಲುಚೀಲದೊಳಗೆ ತುರುಕಿ, ಮೇಲೆ ಟೇಪು ಸುತ್ತಿದರು. ಭಾನುವಾರದವರೆಗೂ ಅದೇ ವೇಷ.

ನನ್ನ ಪಾಲಿಗೆ ಬಂದದ್ದು ಡಾಲಿ. ಇಪ್ಪತ್ತೆರಡು ವರ್ಷದ ಟೆನೆಸ್ಸಿ ವಾಕಿಂಗ್ ಹೆಣ್ಣುಕುದುರೆ. ಈ ತಳಿ ಕುಕ್ಕುವುದಿಲ್ಲ, ತಲೆ ಮೇಲೆ ಕೆಳಗೆ ಆಡಿಸುತ್ತಾ ದೋಣಿಯ ಹಾಗೆ ಸಾಗುತ್ತದೆ. ಹತ್ತುವ ಮೊದಲು ನಾಲ್ಕೂ ಗೊರಸು ಎತ್ತಿ ಕೆರೆಯಬೇಕು. ಭುಜಕ್ಕೆ ಭುಜ ಒರಗಿಸಿ ಕಾಲ ಹಿಂದೆ ಕೈಯಾಡಿಸಿದರೆ ತಾನಾಗಿ ಎತ್ತಿಕೊಡುತ್ತಾಳೆ. ಮಣ್ಣು, ಸಿಪ್ಪೆ, ನಡುವೆ ಸಿಕ್ಕಿಬಿದ್ದ ಒಂದು ಓಕ್ ಕಾಯಿ. ಆ ಕಾಯಿ ಕಾಲಿಗಿಂತ ಹೊಟ್ಟೆಗೆ ಕೆಟ್ಟದ್ದು. ಅಕ್ಟೋಬರ್‌ನಲ್ಲಿ ದಾರಿ ತುಂಬ ಬಿದ್ದಿರುತ್ತದೆ, ಕುದುರೆ ತಲೆ ತಗ್ಗಿಸಲು ಬಿಡಬಾರದು. ಜೀನಿನ ಪಟ್ಟಿ ಬಿಗಿಯುವಾಗ ಡಾಲಿ ಉಸಿರೆಳೆದು ಹೊಟ್ಟೆ ಉಬ್ಬಿಸಿಕೊಂಡಳು. ಇಪ್ಪತ್ತು ಹೆಜ್ಜೆ ನಡೆಸಿ ಮತ್ತೆ ಬಿಗಿದರೆ ಎರಡು ತೂತು ಒಳಗೆ ಹೋಯಿತು. ಮೊದಲನೆಯದನ್ನೇ ನಂಬಿ ಹತ್ತಿದ್ದರೆ ಜೀನು ಸಮೇತ ಅವಳ ಹೊಟ್ಟೆ ಕೆಳಗೆ ನೇತಾಡುತ್ತಿದ್ದೆ.

ಕುದುರೆಗೆಂದೇ ನೂರು ಮೈಲಿಗೂ ಹೆಚ್ಚು ದಾರಿ ಇದೆ ಇಲ್ಲಿ. ಒಂದು ದಿಬ್ಬದ ನೆತ್ತಿ ಹಿಡಿದು ಹೋದೆವು. ಹಿಕರಿ ಹಳದಿ, ಸ್ವೀಟ್‌ಗಮ್ ಒಂದೇ ಮರದಲ್ಲಿ ಕೆಂಪು, ನೇರಳೆ, ಹಸಿರು. ಕುದುರೆಯ ಮೇಲೆ ಕೂತವರಿಗೆ ಕಾಡು ಬೇರೆಯದೇ ಎತ್ತರದಲ್ಲಿ ಕಾಣುತ್ತದೆ. ಕೊಂಬೆಗಳು ಮುಖಕ್ಕೇ ಬರುತ್ತವೆ. ಜಿಂಕೆಗಳು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನಾಲ್ಕು ಕಾಲಿನ ಸಪ್ಪಳ ಕೇಳಿಸಿತು, ತಲೆಯೆತ್ತಿ ನೋಡಿದವು, ಮತ್ತೆ ಮೇಯತೊಡಗಿದವು.

ಮಧ್ಯಾಹ್ನ ಬಾರ್ಕ್ಲಿ ದಡ. ಚಳಿಗಾಲಕ್ಕೆ ನೀರು ಇಳಿಸುವ ಕಾಲ, ದಡದಲ್ಲಿ ಹಲವು ಮಾರು ಅಗಲದ ಕೆಸರುಪಟ್ಟಿ. ಲಿಂಗನಮಕ್ಕಿ ಹಿನ್ನೀರು ಮಾರ್ಚಿನಲ್ಲಿ ಹೀಗೇ ಕಾಣುತ್ತದೆ: ಬೋಳು ದಡ, ಬಿರುಕುಬಿಟ್ಟ ಹೂಳು, ನಡುವೆ ನಿಂತ ಕರಿ ಬೊಡ್ಡೆಗಳು. ನೀರು ಕುಡಿಸಲೆಂದು ಗಟ್ಟಿ ನೆಲವಿದ್ದ ಕಡೆ ಮೊಣಕಾಲು ಮಟ್ಟಕ್ಕೆ ಇಳಿದೆವು. ಡಾಲಿ ಮುಂಗಾಲಿನಿಂದ ನೀರನ್ನು ರಪರಪ ಹೊಡೆಯಲು ಶುರುಮಾಡಿದಳು. ಎಷ್ಟು ಚೆಂದ ಆಡ್ತಾಳೆ ಅಂತ ನಾನು ನಗುತ್ತಾ ಇದ್ದೆ. ಹಿಂದಿನಿಂದ ಮಗಳು ಕಿರುಚಿದಳು: "ಅಮ್ಮಾ, ಕಿಕ್ ಮಾಡು, ಅವಳು ಮಲಗ್ತಾಳೆ!"

ಕಿಕ್ ಮಾಡು ಅಂದದ್ದು ತಲೆಗೆ ಹೋಗಿ ಅಲ್ಲಿಂದ ಕಾಲಿಗೆ ಇಳಿಯುವಷ್ಟರಲ್ಲಿ ಡಾಲಿಯ ಮುಂಗಾಲು ಮಡಚಿತ್ತು. ಎಮ್ಮೆ ಹೊಂಡಕ್ಕೆ ಇಳಿದ ಹಾಗೆ ನೆಮ್ಮದಿಯಾಗಿ ಪಕ್ಕಕ್ಕೆ ವಾಲಿದಳು. ನಾನು ಪಕ್ಕದಲ್ಲೇ ಸೊಂಟದವರೆಗೆ ನೀರಲ್ಲಿ ಕೂತಿದ್ದೆ, ಲಗಾಮು ಇನ್ನೂ ಕೈಯಲ್ಲೇ. ಟೀಚರಮ್ಮ ಬೈದು ಎಬ್ಬಿಸಿದರು, ನನ್ನನ್ನಲ್ಲ, ಅವಳನ್ನು. ಕಾಲಲ್ಲಿ ನೀರು ಕೆರೆದರೆ ಹೊರಳಲು ಹಾಸಿಗೆ ನೋಡುತ್ತಿದ್ದಾಳೆ ಎಂದೇ ಅರ್ಥ, ಎರಡನೇ ಏಟಿಗೇ ಮುಂದೆ ನಡೆಸಬೇಕು. ಒದ್ದೆ ಜೀನಿನ ಮೇಲೆ ಒದ್ದೆ ಜೀನ್ಸಿನಲ್ಲಿ ಐದು ಮೈಲಿ ವಾಪಸು ಬಂದೆ. ತೊಡೆ ಸುಲಿದುಹೋಯಿತು. ಕೊಬ್ಬರಿ ಎಣ್ಣೆಯ ಬಾಟಲಿ ಇರುವುದು ತಲೆಗೆ ಮಾತ್ರ ಅಲ್ಲ ಅಂತ ಆ ರಾತ್ರಿ ಗೊತ್ತಾಯಿತು.

ಗಂಡನ ದಿನ ಇನ್ನೊಂದು ದಡದಲ್ಲಿ, ಕೆಂಟಕಿ ಸರೋವರದ ಕಡೆ ಕಳೆದಿತ್ತು. ಒಂದು ದಿನದ ಲೈಸೆನ್ಸು, ಮೂರು ಗಂಟೆ ಗಾಳ, ಅಂಗೈಯಗಲದ ಒಂದು ಮೀನು. ಅದನ್ನೂ ಬಿಟ್ಟು ಬಂದಿದ್ದರು. ಆದರೆ ಕಥೆ ತಂದಿದ್ದರು. ಪಕ್ಕದಲ್ಲಿ ಗಾಳ ಹಾಕಿದ್ದವನು ಸೇತುವೆ ತೋರಿಸಿ ಹೇಳಿದನಂತೆ: 2012ರ ಜನವರಿಯ ಒಂದು ರಾತ್ರಿ ರಾಕೆಟ್ಟಿನ ಭಾಗ ಹೊತ್ತ ಹಡಗೊಂದು ಹಳೆಯ ಸೇತುವೆಗೆ ಗುದ್ದಿ, ಅದರ ಒಂದು ಅಂಕಣವನ್ನೇ ಮೂತಿಯ ಮೇಲೆ ಹೊತ್ತುಕೊಂಡು ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ. ಈಗಿನದು 2016ರಲ್ಲಿ ತೆರೆದ ಹೊಸ ಸೇತುವೆ. "ರಾಕೆಟ್ ಬಿಡೋಕೆ ಹೋಗಿ ಸೇತುವೆ ಎತ್ತಿದರು" ಅಂತ ಗಂಡ ಎಲ್ಲರಿಗೂ ಮೂರು ಮೂರು ಸಲ ಹೇಳಿದರು.

ಶನಿವಾರ

ಈ ದಿನದ್ದನ್ನು ಬರೆಯಲೆಂದೇ ಉಳಿದದ್ದನ್ನೆಲ್ಲ ಬರೆದೆ ಅಂತ ಕಾಣುತ್ತದೆ.

ತಗ್ಗಿನ ದಾರಿಯಲ್ಲಿ ಹೋಗುತ್ತಿದ್ದಾಗ ಕಾಡಿನ ನಡುವೆ ಇದ್ದಕ್ಕಿದ್ದಂತೆ ನಾಲ್ಕು ಸೀಡರ್ ಮರ, ಸರಿಯಾಗಿ ಚೌಕಕ್ಕೆ ನೆಟ್ಟ ಹಾಗೆ. ಪಕ್ಕದಲ್ಲಿ ಕಲ್ಲಿನ ಮೆಟ್ಟಿಲು ಎರಡು. ಮೆಟ್ಟಿಲಿನ ಮೇಲೆ ಏನೂ ಇಲ್ಲ. "ಮನೆ ಇತ್ತು" ಅಂದರು ಟೀಚರಮ್ಮ. ವಸಂತದಲ್ಲಿ ಬಂದರೆ ಇಂಥ ಕಡೆಗಳಲ್ಲೆಲ್ಲ ಸಾಲಾಗಿ ಡ್ಯಾಫೊಡಿಲ್ ಹೂ ಏಳುತ್ತದಂತೆ, ಯಾರೋ ಅಂಗಳದ ಅಂಚಿಗೆ ನೆಟ್ಟದ್ದು. ಸ್ವಲ್ಪ ಮುಂದೆ ತಂತಿಬೇಲಿಯೊಳಗೆ ಇಪ್ಪತ್ತು ಮೂವತ್ತು ಸಮಾಧಿ. ಒಬ್ಬ ಅಜ್ಜ ಕುಂಟೆಯಲ್ಲಿ ಎಲೆ ಬಾಚುತ್ತಿದ್ದ. ಕುದುರೆ ನಿಲ್ಲಿಸಿ ಇಳಿದೆವು. ಬೇಲಿಗಾಗಲಿ ಮರಕ್ಕಾಗಲಿ ಕುದುರೆ ಕಟ್ಟಬಾರದು, ನಿಂತಲ್ಲಿ ಕೆರೆದು ಬೇರು ಹಾಳುಮಾಡುತ್ತವೆ. ಮಗಳು ಮೂರೂ ಲಗಾಮು ಹಿಡಿದು ನಿಂತಳು.

ಈ ಜಾಗದ ಕಥೆ ನನಗೆ ಅರ್ಧ ಗೊತ್ತಿತ್ತು. ಟೆನೆಸ್ಸಿ ನದಿಗೆ 1944ರಲ್ಲಿ ಕೆಂಟಕಿ ಅಣೆಕಟ್ಟು ಮುಗಿಯಿತು, ಕಂಬರ್ಲೆಂಡ್ ನದಿಗೆ 1966ರಲ್ಲಿ ಬಾರ್ಕ್ಲಿ ಅಣೆಕಟ್ಟು. ಎರಡು ಹಿನ್ನೀರಿನ ನಡುವೆ ಉಳಿದ ಉದ್ದನೆಯ ದಿಬ್ಬವೇ ಈ 1,70,000 ಎಕರೆ. ಅಂದಮೇಲೆ ಊರುಗಳು ನೀರಿನಡಿ ಹೋಗಿರಬೇಕು, ನಮ್ಮ ಹಾಗೆಯೇ ಅಂದುಕೊಂಡಿದ್ದೆ. ಹೋಗಿವೆ ಕೂಡ: ಬರ್ಮಿಂಗ್‌ಹ್ಯಾಮ್ ಅನ್ನುವ ಊರು ಕೆಂಟಕಿ ಸರೋವರದ ತಳದಲ್ಲಿದೆ, ನೀರಿಳಿದಾಗ ಅಡಿಪಾಯ ಕಾಣುತ್ತದೆ. ಆದರೆ ಅಜ್ಜ ತಲೆಯಲ್ಲಾಡಿಸಿದ. ತನ್ನ ಮನೆ ಮುಳುಗಿದ್ದಲ್ಲ. ನಾವು ನಿಂತಿದ್ದೆವಲ್ಲ, ಆ ಒಣ ನೆಲದಲ್ಲೇ ಇತ್ತು. 1963ರಲ್ಲಿ ಕೆನಡಿ ಸರ್ಕಾರ ಈ ಇಡೀ ಸೀಮೆಯನ್ನು ಜನರ ವಿಹಾರಕ್ಕೆ ಅಂತ ಗುರುತುಮಾಡಿತು; ಆಮೇಲಿನ ವರ್ಷಗಳಲ್ಲಿ ನೂರಾರು ಮನೆಯವರನ್ನು ಎಬ್ಬಿಸಿ, ಮನೆ, ಅಂಗಡಿ, ಇಗರ್ಜಿ ಎಲ್ಲ ಕೆಡವಿದರು. ಉಳಿಸಿದ್ದು ಸಮಾಧಿಗಳನ್ನು. ಇನ್ನೂರಕ್ಕೂ ಹೆಚ್ಚಿವೆ ಇಂಥವು. ಅವನ ಬಾಯಲ್ಲಿ ಈ ನಾಡಿನ ಹೆಸರು ಈಗಲೂ ಬಿಟ್ವೀನ್ ದ ರಿವರ್ಸ್. ನದಿಗಳ ನಡುವೆ. ಲೇಕ್ಸ್ ಅನ್ನುವ ಮಾತನ್ನು ಅವನು ಒಮ್ಮೆಯೂ ಆಡಲಿಲ್ಲ.

ನೀವು ಎಲ್ಲಿಯವರು ಅಂದ. ಇಂಡಿಯಾ ಅಂದರೆ ಸಾಕಿತ್ತು. ನಾನು ಯಾಕೋ ಶರಾವತಿ ಅಂದೆ. ನಮ್ಮಜ್ಜನ ಗದ್ದೆ ಮನೆ ಲಿಂಗನಮಕ್ಕಿಯಲ್ಲಿ ಮುಳುಗಿದ್ದು, 1964ರಲ್ಲಿ ಅಣೆಕಟ್ಟು ಮುಗಿದದ್ದು, ಲಾರಿಯಲ್ಲಿ ಬಾಗಿಲು ದಾರಂದ ಹೇರಿಕೊಂಡು ಬಂದದ್ದು, ಬೇಸಿಗೆ ಬಿರುಸಾದ ವರ್ಷ ಅದಕ್ಕೂ ಹಳೆಯ ಮಡೆನೂರು ಅಣೆಕಟ್ಟು ನೀರಿನಿಂದ ಮೇಲೆದ್ದು ಜನ ನೋಡಲು ಹೋಗುವುದು, ಎಲ್ಲ ಹೇಳಿದೆ. ಅಜ್ಜ ಕುಂಟೆಗೆ ಒರಗಿ ಕೇಳಿಸಿಕೊಂಡ. ಕೊನೆಗೆ ಒಂದೇ ಪ್ರಶ್ನೆ ಕೇಳಿದ: ಅಲ್ಲಿ ಕರೆಂಟಾದರೂ ಬಂತಾ? ಬೆಂಗಳೂರಿಗೆ ಬಂತು ಅಂದೆ. ನಮ್ಮ ಅಜ್ಜನ ಹೊಸ ಮನೆಗೆ ಲೈಟು ಬರಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಅವನು ನಕ್ಕದ್ದು ಅದಕ್ಕೇ, ಬೇರೆ ಯಾವುದಕ್ಕೂ ಅಲ್ಲ.

ಟೀಚರಮ್ಮನ ಕುದುರೆ ಅಷ್ಟರಲ್ಲಿ ಬೇಲಿಯ ಬುಡದಲ್ಲೇ ಲದ್ದಿ ಹಾಕಿತು. ನಾನು ಬಗ್ಗಿ ಒಂದು ಕವರಿಗೆ ತುಂಬಿಕೊಳ್ಳಹೋದೆ. ಅಜ್ಜ ಬೇಡ ಬಿಡು ಅಂದ, ಕುಂಟೆಯಲ್ಲೇ ಎಳೆದುಕೊಂಡು ಒಂದು ಗುಲಾಬಿ ಗಿಡದ ಬುಡಕ್ಕೆ ಹಾಕಿದ. ಅವನ ಅಮ್ಮನ ಗಿಡವಂತೆ.

ಆಮೇಲೆ ಬಹಳ ಹೊತ್ತು ನಾವು ಮಾತಾಡಲಿಲ್ಲ. ಮಗಳು ಮಾತ್ರ ಮಧ್ಯೆ ಕೇಳಿದಳು, "ಅಮ್ಮ, ನಾವು ಈಗ ಯಾರದಾದ್ರೂ ಹಿತ್ತಿಲಲ್ಲಿ ಹೋಗ್ತಾ ಇದೀವಾ?" ಇರಬಹುದು ಅಂದೆ. ಸರ್ಕಾರಿ ನಕ್ಷೆಯಲ್ಲಿ ಅದಕ್ಕೆ ನಂಬರಿರುವ ದಾರಿ ಅಷ್ಟೇ.

ಸಂಜೆ ಕುದುರೆಗಳಿಗೆ ಬಿಡುವು. ಕಾರಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆ ಮತ್ತು ಬೈಸನ್ ಎಂಬ ಇಲ್ಲಿಯ ಕಾಡೆಮ್ಮೆಗಳ ಹುಲ್ಲುಗಾವಲಿಗೆ ಹೋದೆವು. 700 ಎಕರೆಗೆ ಬೇಲಿ, ಒಳಗೆ ಮೂರೂವರೆ ಮೈಲಿ ರಸ್ತೆ, ಕಾರಲ್ಲೇ ಕೂತು ನೋಡುವುದು. ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಹೋಗಬೇಕು, ಮಧ್ಯಾಹ್ನ ಹೋದವರಿಗೆ ಹುಲ್ಲು ಮಾತ್ರ ಸಿಗುತ್ತದೆ. ಎಲ್ಕ್ ಗಂಡು ಅಷ್ಟು ದೊಡ್ಡ ಪ್ರಾಣಿ, ಕೂಗು ಮಾತ್ರ ಕೀಲು ಹಿಡಿದ ಗೇಟು ತೆಗೆದ ಹಾಗೆ ಕೀರಲು. ಒಂದು ಕಾಡೆಮ್ಮೆ ರಸ್ತೆಯ ನಡುವೆ ನಿಂತು ಇಪ್ಪತ್ತು ನಿಮಿಷ ಮೆಲುಕು ಹಾಕಿತು. ಹಿಂದೆ ಹನ್ನೊಂದು ಕಾರು. ಯಾರೂ ಹಾರ್ನ್ ಮಾಡಲಿಲ್ಲ. ಸಾಗರದ ಪೇಟೆಯ ಬಸವನ ನೆನಪಾಯಿತು.

ರಾತ್ರಿ ಮಳೆ. ಗುಡುಗಿಗೆ ಲಾಯದ ಸಾಲಿನುದ್ದಕ್ಕೂ ಕಾಲು ಬಡಿತ. ಮಗಳು ರೇನ್‌ಕೋಟು ಹಾಕಿಕೊಂಡು ಪೆಪ್ಪರ್ ಹತ್ತಿರ ಹೋದವಳು ವಾಪಸು ಬರಲಿಲ್ಲ. ನೋಡಲು ಹೋದರೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಾಳೆ, ಪೆಪ್ಪರ್ ಅವಳ ತಲೆಯ ಮೇಲೆ ಗದ್ದ ಇಟ್ಟುಕೊಂಡು ನಿಂತಿದೆ. ಪಕ್ಕದಲ್ಲಿ ಡಾಲಿ ಹುಲ್ಲು ಅಗಿಯುತ್ತಿದ್ದಳು. ಕರಕರ, ಒಂದೇ ಲಯ. ಹುಲ್ಲು, ಉಚ್ಚೆ, ಒದ್ದೆ ಕೂದಲು ಎಲ್ಲ ಬೆರೆತ ವಾಸನೆ. ತಗಡಿನ ಮೇಲೆ ಮಳೆ. ನಾನೂ ಇನ್ನೊಂದು ಬಕೆಟ್ ಬೋರಲು ಹಾಕಿದೆ.

ಭಾನುವಾರ

ಟೆಂಟು ಒದ್ದೆ, ಬೂಟು ಒದ್ದೆ, ಅವಲಕ್ಕಿಯ ಡಬ್ಬಿಗೂ ನೀರು ಹೋಗಿತ್ತು. ಲಾಯ ಬರಿದು ಮಾಡಿ ಗುಡಿಸದೆ ಹೊರಡುವಂತಿಲ್ಲ. ಕೈಗಾಡಿಯಲ್ಲಿ ಆರು ಸಲ ಲದ್ದಿ ಸಾಗಿಸಿದೆ. ಹಸಿ ಸಿಪ್ಪೆ ಒಣಗಿದ್ದರ ಮೂರರಷ್ಟು ತೂಕ. ಪೆಪ್ಪರ್ ಟ್ರೇಲರ್ ಹತ್ತಲು ಹಟ ಮಾಡಿತು. ಸೋರ್ಗಮ್ ಹಚ್ಚಿದ ಅಂಗೈ ಮುಂದೆ ಹಿಡಿದರೆ ಹಟ ಮರೆತು ಹತ್ತಿತು. ಈ ಸಲ ಟ್ರೇಲರ್ ಹಿಂದೆಯೇ, ಅದರ ವೇಗದಲ್ಲೇ ಬಂದೆವು. ಕಾಗದದ ಫೈಲು ನನ್ನ ತೊಡೆಯ ಮೇಲಿತ್ತು. ಲಾಯಕ್ಕೆ ಬಂದು ಇಳಿಸಿದ ಕೂಡಲೇ ಮೂರೂ ತಮ್ಮ ಬಾನಿಗೆ ಹೋಗಿ ಮೂತಿ ಮುಳುಗಿಸಿ, ಮನೆಯ ನೀರನ್ನು ತಲೆಯೆತ್ತದೆ ಕುಡಿದವು.

ಉಳಿದ ಸೋರ್ಗಮ್ ಬಾಟಲಿಯನ್ನು ಟೀಚರಮ್ಮನಿಗೆ ಕೊಟ್ಟೆ. ದೋಸೆಗೆ ಆಗಲಿಲ್ಲ.

ಸೋಮವಾರ ಬೆಳಗ್ಗೆ ಬಚ್ಚಲಿನಿಂದ ಕೂಗು: "ಲೇ, ಬಾ ಇಲ್ಲಿ!" ಗಂಡನ ಮಂಡಿಯ ಹಿಂದೆ ಉಣುಗು, ಬೆನ್ನ ಮೇಲೆ ಬಿಳಿ ಚುಕ್ಕೆ. ಕುದುರೆಯ ಹತ್ತಿರ ಸುಳಿಯದವರಿಗೆ, ಟೇಪು ಸುತ್ತಿಕೊಂಡು ಓಡಾಡಿದವರಿಗೆ! ನನಗೂ ಮಗಳಿಗೂ ಒಂದೂ ಇಲ್ಲ. ಚಿಮಟದಲ್ಲಿ ತಲೆಯ ಬುಡಕ್ಕೇ ಹಿಡಿದು ನೇರವಾಗಿ ಎಳೆದು ತೆಗೆದೆ. ಅದನ್ನು ಟೇಪಿಗೆ ಅಂಟಿಸಿ, ತಾರೀಕು ಬರೆದು ಫ್ರಿಜ್ಜಿನ ಬಾಗಿಲಿಗೆ ಹಚ್ಚಿದರು.

ಮೂರು ವಾರ ನಮ್ಮ ಮನೆಯಲ್ಲಿ ಮಟನ್ ಇಲ್ಲ. ದೀಪಾವಳಿ ಕಳೆದ ಭಾನುವಾರ ತಡೆಯಲಾರದೆ ತಂದರು, ತಾವೇ ಮಸಾಲೆ ರುಬ್ಬಿದರು, ಎರಡೇ ತುಂಡು ಹಾಕಿಕೊಂಡು ಉಂಡರು. ಅಲರ್ಜಿ ಮಾತ್ರೆ ಮೇಜಿನ ಮೇಲೆ, ಫೋನು ಕೈಯಲ್ಲಿ. ನಾನೂ ಮಗಳೂ ಹತ್ತು ಗಂಟೆಯವರೆಗೆ ಅವರ ಮುಖವನ್ನೇ ನೋಡುತ್ತಾ ಕೂತು, ನಿದ್ದೆ ತಡೆಯದೆ ಎದ್ದುಹೋದೆವು. ಹನ್ನೆರಡೂವರೆಗೆ ನನಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ದೀಪ. ಪಾತ್ರೆಯ ತಳ ಸೌಟಿನಲ್ಲಿ ಕೆರೆಯುವ ಸದ್ದು.